ಹಲ್ಲು ತೆಗೆದು ರಣಕ್ಕಿಳಿಯುವ ಗುಂಜಿ ಕಲ್ಲಯ್ಯ

ಲೋಕದ ವೀರರೆಲ್ಲ ರಣಕ್ಕೆ ಹೊರಡುವಾಗ ಏನನ್ನಾದರೂ ತೊಟ್ಟುಕೊಳ್ಳುತ್ತಾರೆ. ಒಬ್ಬ ಕವಚ ತೊಡುತ್ತಾನೆ, ಇನ್ನೊಬ್ಬ ಸೊಂಟಕ್ಕೆ ಕತ್ತಿ ಸಿಕ್ಕಿಸುತ್ತಾನೆ. ಖಾನಾಪುರ ತಾಲೂಕಿನ ಗುಂಜಿಯ ಕಲ್ಲಯ್ಯ ಮಾತ್ರ ಬಿಚ್ಚಿಡುತ್ತಾನೆ. ಹುತುತು ಅಂಗಳದ ನಡುಗೆರೆಯ ಬಳಿ ನಿಂತು, ಎರಡು ಬೆರಳು ಬಾಯಿಗೆ ಹಾಕಿ, ಮೇಲಿನ ಹಲ್ಲಿನ ಸೆಟ್ಟು ಒಮ್ಮೆ, ಕೆಳಗಿನದು ಒಮ್ಮೆ, ಟಪ್ ಟಪ್ ಎಂದು ಕಿತ್ತು ಹೆಂಡತಿ ಅಕ್ಕವ್ವನ ಉಡಿಗೆ ಎಸೆಯುತ್ತಾನೆ. ಆ ಸದ್ದಿಗೆ ಕಾಡಂಚಿನ ಕಾಡುಕೋಣಗಳು ಕಿವಿ ನಿಮಿರಿಸಿ ಗೋವೆಯ ಕಡೆಗೆ ಗುಳೆ ಹೋಗುತ್ತವಂತೆ. ಗುಂಜಿಯಲ್ಲಿ ಎಂದೂ ನಿಲ್ಲದ ರೈಲೊಂದು ನಿಂತು, ಕ್ಷಮೆ ಕೇಳಿದಂತೆ ಸೀಟಿ ಹಾಕಿ ಹೋಯಿತಂತೆ. ಒಮ್ಮೆ ಜಾಂಬೋಟಿಯಲ್ಲಿ ಸುರಿಯುತ್ತಿದ್ದ ಮಳೆಯೇ ಗಕ್ಕನೆ ನಿಂತಿತಂತೆ. ಆಟ ನಡೆಯುವುದು ಭತ್ತದ ಕೊಯ್ಲು ಮುಗಿದ ಮೇಲೆ, ಜನವರಿಯಲ್ಲಿ, ಎಂಬುದನ್ನು ಈ ಕಥೆ ಹೇಳುವವರು ಮರೆತುಬಿಡುತ್ತಾರೆ.

ಹುತುತು ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕಬಡ್ಡಿಯೇ, ಆದರೆ ಸಭ್ಯತೆ ಕಲಿಯುವ ಮೊದಲಿನ ಕಬಡ್ಡಿ. ಒಂದೇ ಉಸಿರಿನಲ್ಲಿ ‘ಹುತುತುತು’ ಎನ್ನುತ್ತ ಗೆರೆ ದಾಟಿ ಎದುರಾಳಿಗಳ ಅಂಗಳಕ್ಕೆ ನುಗ್ಗಬೇಕು, ಬೇಕಾದವನನ್ನು ಮುಟ್ಟಬೇಕು, ಉಸಿರು ಕಡಿಯುವ ಮೊದಲು ಗೆರೆಗೆ ಮರಳಬೇಕು. ಅವರು ಹಿಡಿದು ಕೆಡವಿ ಮೇಲೆ ಕೂತರೂ ಚಿಂತೆಯಿಲ್ಲ. ಉಸಿರು ಕಡಿಯದೆ ಒಂದು ಬೆರಳನ್ನು ಗೆರೆಗೆ ತಾಗಿಸಿದರೆ ಗೆದ್ದಂತೆ. ಆ ಉಸಿರಿಗೆ ನಮ್ಮ ಕಡೆ ‘ದಮ್ಮು’ ಎನ್ನುತ್ತಾರೆ. ಮುಟ್ಟುವುದು ಹೇಗೆ, ಅಂಗೈಯಿಂದಲೋ ಮುಷ್ಟಿಯಿಂದಲೋ ಹಿಮ್ಮಡಿಯಿಂದಲೋ, ಎಂಬುದನ್ನು ಆಟಗಾರನ ಸಂಸ್ಕಾರಕ್ಕೆ ಬಿಡಲಾಗಿದೆ.

ಕಲ್ಲಯ್ಯನ ಸಂಸ್ಕಾರ ದೊಡ್ಡದು. ಹುಟ್ಟಿನಿಂದ ಜಂಗಮ, ಊರಿನವರು ಕಾಲಿಗೆ ಬೀಳುವ ಮನೆತನ. ಹೊಟ್ಟೆಪಾಡಿಗೆ ರೈಲ್ವೆಯ ಗ್ಯಾಂಗ್‌ಮನ್. ಹಳಿ ತಗ್ಗಿದಲ್ಲಿ ಸ್ಲೀಪರಿನ ಕೆಳಗೆ ಜಲ್ಲಿ ಬಡಿದು ಬಡಿದು ಮೇಲೆತ್ತುವ ಕೆಲಸದಲ್ಲಿ ನಿವೃತ್ತನಾದವನು. ಅವನ ಸ್ವಂತ ಹಲ್ಲುಗಳು ಒಂದೊಂದೂ ಒಂದೊಂದು ಕದನದಲ್ಲಿ ವೀರಮರಣ ಹೊಂದಿದವು. ಒಂದನ್ನು ಎದುರಾಳಿಯ ಮೊಣಕಾಲು ತೆಗೆದುಕೊಂಡಿತು, ಇನ್ನೊಂದನ್ನು ಅವನದೇ ಹಾರೆ. ಜಾಂಬೋಟಿ ಬಸ್ಸಿನ ಬಾಗಿಲಿಗೆ ಎರಡು ಸಂದವು. ಒಂದು ಮದುವೆಯಲ್ಲಿ ವರನ ಸೋದರಮಾವನಿಗೆ ಬುದ್ಧಿ ಹೇಳಲು ಹೋಗಿ ಮುಂದಿನವು ಹೋದವು. ಕೊನೆಯದು ಯಾರೂ ಹೊಡೆಯದೆ ತಾನಾಗಿ ಬಿತ್ತು, ಬಹುಶಃ ಹೆದರಿ.

ಆಮೇಲೆ ಕಟ್ಟಿಸಿದ ಸೆಟ್ಟು ಬಂತು. ಮೊದಲ ವರ್ಷವೇ, ನೆಲಕ್ಕೆ ಬಿದ್ದ ರಭಸಕ್ಕೆ ಮೇಲಿನ ದವಡೆ ಬಾಯಿಂದ ಹಾರಿ ಶಹಾಪುರದ ನೇಕಾರನೊಬ್ಬನ ಬೆನ್ನಿಗೆ ಬಡಿಯಿತು. ಅದನ್ನು ‘ಮುಟ್ಟಿದ್ದು’ ಎಂದು ಹಿಡಿಯಬೇಕೇ ಬೇಡವೇ ಎಂದು ಎರಡು ತಂಡಗಳು ಮೊದಲು ಬಾಯಿಯಿಂದ, ಆಮೇಲೆ ಬೇಲಿಯ ಗೂಟಗಳಿಂದ ಚರ್ಚೆ ನಡೆಸಿದವು. ಸೀಟಿ ಊದುವವರು ತಮ್ಮಣ್ಣ, ಖಾನಾಪುರದ ನಿವೃತ್ತ ಪಿ.ಟಿ. ಮಾಸ್ತರರು. ಅವರ ತಲೆಗೂ ಒಂದು ಗೂಟ ಬಿದ್ದ ಮೇಲೆ ತೀರ್ಪು ಬಂತು: “ಇನ್ನ ಮ್ಯಾಲ ಹಲ್ಲ ತಗದ ಆಡ್ರಿ ಅಯ್ಯಾರ. ಇಲ್ಲಾಂದ್ರ ನಾ ಹೆಲ್ಮೆಟ್ ಹಾಕ್ಕೊಂಡ ಬರ್ತೀನಿ.”

ಹೀಗೆ ಹುಟ್ಟಿತು ಆ ಮಹಾ ಸಂಪ್ರದಾಯ. ಅದರ ಜೊತೆಯಲ್ಲೇ ಇನ್ನೊಂದು ಹುಟ್ಟಿತ್ತು, ಯಾರೂ ಗಮನಿಸಿರಲಿಲ್ಲ. ಅಂದಿನಿಂದ ಕಲ್ಲಯ್ಯನ ದಮ್ಮು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತ ಬಂದಿತ್ತು.

ನಲವತ್ತು ವರ್ಷದಿಂದ ಎದುರು ಪಾಳಯದ ನಾಯಕ ಮಹಾವೀರ, ಬೆಳಗಾವಿಯ ಶಹಾಪುರದ ಅಕ್ಕಿ ವ್ಯಾಪಾರಿ. ಜೈನ ಮನೆತನದವನು, ನೀರನ್ನು ಸೋಸಿ ಕುಡಿಯುತ್ತಾನೆ, ಇರುವೆ ಕಂಡರೆ ಹೆಜ್ಜೆ ಬದಲಿಸುತ್ತಾನೆ, ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟುವುದಿಲ್ಲ. ಆಟಕ್ಕೆ ಮೊದಲು ಅಂಗಳದಲ್ಲಿ ಹುಳುಹುಪ್ಪಟೆ ಇದ್ದರೆ ಬಗ್ಗಿ, ಎಲೆಯ ಮೇಲೆ ಹತ್ತಿಸಿಕೊಂಡು, ಬದುವಿಗೆ ಬಿಟ್ಟು ಬರುತ್ತಾನೆ. ಜೀವಹಿಂಸೆ ಕೂಡದು. ಆದರೆ ದಮ್ಮು ಹಿಡಿದು ಒಳಗೆ ಬಂದವನನ್ನು ಜೀವಿಗಳ ಪಟ್ಟಿಯಲ್ಲಿ ಸೇರಿಸುವ ಅಭ್ಯಾಸ ಅವನಿಗಿಲ್ಲ.

ಹೋದ ವರ್ಷ, ಖಾನಾಪುರದ ಹೊರಗೆ ಮಲಪ್ರಭೆಯ ದಂಡೆಯ ಗದ್ದೆಯಲ್ಲಿ, ಕಲ್ಲಯ್ಯನ ಉಸಿರು ಎದುರಾಳಿಯ ಅಂಗಳದ ಮಧ್ಯದಲ್ಲೇ ಕಡಿಯಿತು. ಕೆಡವಿ ಕೂತವರಲ್ಲಿ ಮಹಾವೀರನೇ ಅತಿ ಭಾರದವನು. ಎರಡು ಪಕ್ಕೆಲುಬು ಬಿರುಕುಬಿಟ್ಟವು. ಅವನನ್ನು ಬಿದಿರಿನ ಏಣಿಯ ಮೇಲೆ ಮಲಗಿಸಿ ಹೊತ್ತೊಯ್ಯುವಾಗ ಮಹಾವೀರ ಮೈಯ ಮಣ್ಣು ಕೊಡವಿಕೊಳ್ಳುತ್ತ ಬಾಜುಕ್ಕೆ ಬಂದ.

“ಅಯ್ಯಾರ, ಇನ್ನ ಮನ್ಯಾಗ ಕುಂತ ಪೂಜಿ ಮಾಡ್ರಿ. ದಮ್ಮ ಇಲ್ಲದಾಂವ ಗೆರಿ ದಾಟಬಾರದು.”

ಏಣಿಯ ಮೇಲಿನ ಗಾಯಾಳು ತಲೆ ಎತ್ತಿದ. “ಲೇ ಸಾವಕಾರ, ಮುಂದಿನ ವರ್ಷ ನನಗ ಮೂರ ದಮ್ಮ ಕೊಡು. ಮೂರರಾಗ ಒಂದರಾಗರ ನಿನ್ನ ಮುಟ್ಟಿ ಗೆರಿಗೆ ಬರಲಿಲ್ಲಂದ್ರ, ಊರ ಮುಂದ ನಿನ್ನ ಕಾಲ ಮುಟ್ಟತೀನಿ.”

“ಬಂದ್ರ?”

“ನೀ ನನ್ನ ಕಾಲ ಮುಟ್ಟು.”

ಏಣಿ ಹೊತ್ತವರು ಅಲ್ಲೇ ನಿಂತುಬಿಟ್ಟರು. ಕಲ್ಲಯ್ಯ ಜೀವಮಾನದಲ್ಲಿ ತನ್ನ ಗುರುವಿನ ಕಾಲು ಬಿಟ್ಟು ಇನ್ನೊಬ್ಬರ ಕಾಲು ಮುಟ್ಟಿದವನಲ್ಲ. ಅವನ ಕಾಲನ್ನು ಮುಟ್ಟಲು ಜನ ಕ್ಯೂ ನಿಲ್ಲುತ್ತಿದ್ದರು. ಮಹಾವೀರ ಮುನಿಗಳ ಪಾದ ಬಿಟ್ಟು ಬೇರೆ ಪಾದಕ್ಕೆ ತಲೆಬಾಗಿದವನಲ್ಲ. ಪಂಥದಲ್ಲಿ ಎಕರೆ ಭೂಮಿ ಇಟ್ಟಿದ್ದರೂ ಇಬ್ಬರೂ ಅಷ್ಟು ಬೆವರುತ್ತಿರಲಿಲ್ಲ. ಮಹಾವೀರ “ಆತ್ರಿ” ಎಂದ. ಆ ಕ್ಷಣದಿಂದ ಕಲ್ಲಯ್ಯನಿಗೆ ಪಕ್ಕೆಲುಬಿಗಿಂತ ಪಾದದ ಚಿಂತೆ ಹೆಚ್ಚಾಯಿತು.

ಉಸಿರಿಗಾಗಿ ಅವನು ಮಾಡದ ಸಾಹಸವಿಲ್ಲ. ಹಸಿ ಮೊಟ್ಟೆ ನುಂಗಲು ಜಾತಿ ಬಿಡಲಿಲ್ಲವಾದ್ದರಿಂದ ಬೆಳ್ಳುಳ್ಳಿ ನುಂಗಿದ. ಹಳಿಯ ಪಕ್ಕ ಓಡಿ, ಎದುರಿಗೆ ಬಂದ ನಾಯಿಯನ್ನು ಒದೆಯಲು ಹೋಗಿ ಹೆಬ್ಬೆರಳು ಒಡೆದುಕೊಂಡ. ಕೊನೆಗೆ ಒಂದು ಮಧ್ಯಾಹ್ನ ಅಕ್ಕವ್ವ ರೊಟ್ಟಿ ಬಡಿಯುತ್ತಲೇ ಗುಟ್ಟನ್ನು ಒಡೆದಳು.

“ಹಲ್ಲ ಹಾಕ್ಕೊಂಡ ನನ್ನ ಬೈಯಾಕ ಹತ್ತಿದ್ರ, ಮಾಲಗಾಡಿ ಪೂರಾ ದಾಟೂ ತನಾ ನೀವು ಉಸರ ತಗೊಳ್ಳೂದಿಲ್ಲ. ಹಲ್ಲ ತಗದ ಬೈದ್ರ ನಡುನಡುವ ಕುಂತ ತೇಕ್ತೀರಿ. ನಿಮ್ಮ ದಮ್ಮ ಎಲ್ಲೂ ಹೋಗಿಲ್ರಿ. ಆಟದ ಹೊತ್ತಿನ್ಯಾಗ ನನ್ನ ಉಡ್ಯಾಗ ಇರ್ತೈತಿ, ಅಷ್ಟ.”

ಕಲ್ಲಯ್ಯ ಅದನ್ನು ಸುಳ್ಳು ಮಾಡಲೆಂದು ಹಲ್ಲು ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಹೆಂಡತಿಯನ್ನು ಬೈದು ನೋಡಿದ. ಅವಳ ಮಾತು ಖರೇ ಆಗಿತ್ತು. ಎರಡನೆಯ ಬೈಗುಳಕ್ಕೆ ಲಟ್ಟಣಿಗೆ ಉತ್ತರ ಕೊಟ್ಟಿತು.

ಹಳೆಯ ಸೆಟ್ಟು ಸವೆದು ತಗ್ಗಾಗಿ, ಕುಣಿಯುತ್ತಿತ್ತು. ಹೊಸದು ಕಟ್ಟಿಸಲು ಗಂಡಹೆಂಡತಿ ಬೆಳಗಾವಿಗೆ ಹೋದರು. ಯಾರೋ ಹೇಳಿದ ಹಲ್ಲಿನ ಡಾಕ್ಟರು, ಹೆಸರು ಮೇಘಾ. ಕಲ್ಲಯ್ಯ ಕುರ್ಚಿಯಲ್ಲಿ ಮಲಗಿದ. ಅಚ್ಚು ತೆಗೆಯುವ ಗುಲಾಬಿ ಬಣ್ಣದ ಹಿಟ್ಟನ್ನು ಅವನ ಬಾಯಿ ತುಂಬ ಒತ್ತಿ ಹಿಡಿದುಕೊಂಡು ಆಕೆ ಸಹಜವಾಗಿ ಹೇಳಿದಳು: “ನಿಮ್ಮನ್ನ ನಾ ಬಲ್ಲೆ ಕಾಕಾ. ಶಹಾಪುರದ ಮಹಾವೀರ ಅವರ ಮಗಳು ನಾನು.”

ಬಾಯಿ ಕಟ್ಟಿತ್ತು, ಆದ್ದರಿಂದ ಕಲ್ಲಯ್ಯ ಕಾಲಿನಿಂದ ಉತ್ತರಿಸಿದ. ಔಷಧದ ತಟ್ಟೆ ಹಾರಿತು. ದೀಪದ ತೋಳು ತಿರುಗಿ ಅವನ ಹಣೆಗೇ ಬಡಿಯಿತು.

“ಒದೀಬ್ಯಾಡ್ರಿ, ಅಚ್ಚ ಕೆಡತೈತಿ,” ಎಂದಳು ಮೇಘಾ, ದವಡೆಯ ಮೇಲಿನ ಹಿಡಿತ ಸಡಿಲಿಸದೆ. ಆ ಹಿಡಿತ ಅಪ್ಪನದೇ ಎಂದು ಕಲ್ಲಯ್ಯನಿಗೆ ತಕ್ಷಣ ಗೊತ್ತಾಯಿತು.

ಮುಂದಿನ ಸಲ ಹೋದಾಗ ಅವನ ಬಾಯಿಗೆ ಹಲ್ಲಿನ ಬದಲು ಮೇಣದ ಕಟ್ಟೆಗಳನ್ನು ಕೂಡಿಸಿದಳು. ಮೂಗಿನಿಂದ ಗದ್ದದ ತನಕ ಅಳೆದಳು, ಮೇಣವನ್ನು ಸ್ವಲ್ಪ ಕೆರೆದಳು, ಮತ್ತೆ ಅಳೆದಳು. ಪ್ರತಿ ಸಲವೂ ಉಗುಳು ನುಂಗಿಸಿದಳು, ತುಟಿ ಕೂಡಿಸಲು ಹೇಳಿದಳು.

“ಹಲ್ಲ ಇಲ್ಲದಾಗ ಕೆಳಗಿನ ದವಡಿ ಭಾಳ ಮ್ಯಾಲ ಏರತೈತಿ ಕಾಕಾ. ಬಾಯಿ ಅನ್ನೂ ಖೋಲಿ ಸಣ್ಣದಾಗ್ತೈತಿ. ನಾಲಿಗಿ ಎಲ್ಲಿ ಹೋಗಬೇಕು? ಹಿಂದಿನ ಬಾಗಲಕ್ಕ ಹೋಗಿ ಅಡ್ಡ ನಿಂದರತೈತಿ. ಆ ಬಾಗಲಾನ ಗಾಳಿ ಹೋಗೂ ದಾರಿ. ಹಲ್ಲ ಸರಿಯಾದ ಎತ್ತರಕ್ಕ ಕುಂತ್ರ ದವಡಿ ಕೆಳಗ ಇಳೀತೈತಿ, ನಾಲಿಗಿ ಮುಂದ ಬರತೈತಿ, ದಾರಿ ಬಿಡತೈತಿ. ಎಲ್ಲಾರಿಗೂ ಹಂಗ ಆಗತೈತಿ ಅಂತ ನಾ ಹೇಳೂದಿಲ್ಲ. ನಿಮಗ ಆಗೂಹಂಗ ಕಾಣಸ್ತೈತಿ.”

“ಎತ್ತರ ಹೆಚ್ಚಾದಂಗ ಉಸರ ಹೆಚ್ಚು, ಹೌದಿಲ್ಲೋ?”

“ಅಲ್ರಿ. ಎಷ್ಟ ಬೇಕೋ ಅಷ್ಟ. ಹೆಚ್ಚಾದ್ರ ತುಟಿ ಕೂಡೂದಿಲ್ಲ, ಉಗುಳ ನುಂಗಾಕ ಬರೂದಿಲ್ಲ. ಈಗ ಏನರ ಮಾತಾಡ್ರಿ, ನೋಡೂಣು.”

ಕಲ್ಲಯ್ಯನಿಗೆ ಗೊತ್ತಿದ್ದ ಮಾತು ಒಂದೇ. ‘ಹುತುತುತುತು’ ಎಂದು ಶುರು ಮಾಡಿದ. ಮುಗಿಯಲೇ ಇಲ್ಲ. ಹೊರಗೆ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಬಾಗಿಲಲ್ಲಿ ಇಣುಕಿದರು. ಉಸಿರು ಇನ್ನೂ ಉಳಿದಿದೆ ಎಂಬ ಸಂತೋಷಕ್ಕೆ ಅವನ ಕಾಲು ತಡೆಯಲಾರದೆ ಕುರ್ಚಿಯಿಂದ ಇಳಿಯಿತು. ಮೂಲೆಯಲ್ಲಿ ಹತ್ತಿ ಜೋಡಿಸುತ್ತಿದ್ದ ಸಹಾಯಕಿ ಸಾಕ್ಷಿಯ ಹೆಗಲು ತಟ್ಟಿ ತಿರುಗಿದ. ಸಾಕ್ಷಿ ಕಾಲೇಜಿನ ಕಬಡ್ಡಿ ತಂಡದಲ್ಲಿ ಇದ್ದವಳೆಂದು ಅವನಿಗೆ ಹೇಗೆ ಗೊತ್ತಿರಬೇಕು? ಆಕೆ ಯೋಚಿಸದೆ ಹಾರಿ ಸೊಂಟಕ್ಕೆ ಬಿದ್ದಳು. ಇಬ್ಬರೂ ಉಗುಳುವ ಬೋಗುಣಿಯನ್ನು ಬುಡಸಮೇತ ಕಿತ್ತುಕೊಂಡು ನೆಲಕ್ಕುರುಳಿದರು.

“ಔಟ್ ರೀ ಅಜ್ಜಾ,” ಎಂದಳು ಸಾಕ್ಷಿ.

ನೆಲದ ಮೇಲಿನ ಅಜ್ಜ ಇನ್ನೂ ‘ತುತುತುತು’ ಎನ್ನುತ್ತಲೇ ಇದ್ದ. ಹಣೆಯಿಂದ ರಕ್ತ ಇಳಿಯುತ್ತಿತ್ತು, ಮುಖದಲ್ಲಿ ಮಾತ್ರ ಮದುಮಗನ ಕಳೆ.

ಹೊಸ ಸೆಟ್ಟು ಕೈಗೆ ಕೊಡುವಾಗ ಮೇಘಾ, “ಈ ವಯಸ್ಸಿನ್ಯಾಗ ಈ ಆಟ ಆಡಬ್ಯಾಡ್ರಿ ಅಂತ ಹೇಳೂದು ನನ್ನ ಕೆಲಸ. ಹೇಳೀನಿ,” ಎಂದಳು. ತನ್ನ ಅಪ್ಪನಿಗೂ ದಿನಾ ಇದನ್ನೇ ಹೇಳುತ್ತಿದ್ದಳು. ಅದೇ ದಿನ, ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಕೂತಾಗ, ಮಹಾವೀರ ಮಗಳನ್ನು ಕೇಳಿದ: “ಅಂವಗ ಉಸರ ಕೊಟ್ಟಿ ಅಂತ?”

“ಹಲ್ಲ ಕೊಟ್ಟೀನಿ ಪಪ್ಪಾ.”

“ಛಲೋ ಮಾಡಿದಿ. ಉಸರ ಇಲ್ಲದವನ ಎಲುಬ ಮುರದ್ರ ಏನ ಮಜಾ ಐತಿ,” ಎಂದು ಅವನು ಅನ್ನಕ್ಕೆ ತುಪ್ಪ ಹಾಕಿಕೊಂಡ.

ಇಷ್ಟಕ್ಕೆ ಬಿಟ್ಟಿದ್ದರೆ ಕಲ್ಲಯ್ಯ ಕಲ್ಲಯ್ಯನೇ ಅಲ್ಲ. ಮೂವತ್ತು ವರ್ಷ ಹಳಿ ಎತ್ತಿದ ತಲೆ ಅದು. ಹಳಿ ತಗ್ಗಾದರೆ ಗಾಡಿ ಕುಂಟುತ್ತದೆ, ಕೆಳಗೆ ಬಡಿದು ಎತ್ತಿದರೆ ಓಡುತ್ತದೆ. ಮೇಘಾ ಒಂದಿಷ್ಟು ಎತ್ತಿದ್ದಕ್ಕೇ ಇಷ್ಟು ದಮ್ಮು ಬಂದಿದ್ದರೆ, ಇನ್ನೊಂದಿಷ್ಟು ಎತ್ತಿದರೆ ಗೋವೆಯ ತನಕ ಓಡಬಹುದಲ್ಲ. ಪಂಥದ ದಿನ ಬೆಳಿಗ್ಗೆ ದನದ ಕೊಟ್ಟಿಗೆಯ ಹಿಂದೆ ಕೂತು ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ, ಪಂಕ್ಚರ್ ತಿದ್ದುವ ಅಂಟು ಬಳಿದು, ದವಡೆ ಹಲ್ಲುಗಳ ಮೇಲೆ ಪಟ್ಟಿ ಮೇಲೆ ಪಟ್ಟಿ ಕೂಡಿಸಿದ. ಸುತ್ತಿಗೆಯಿಂದ ಎರಡು ಪೆಟ್ಟು ಹಾಕಿ ಕೆಲಸ ಭದ್ರ ಮಾಡಿದ. ಅಕ್ಕವ್ವನಿಗೆ ಹೇಳಲಿಲ್ಲ. ರೈಲ್ವೆಯ ತಾಂತ್ರಿಕ ವಿಷಯಗಳನ್ನು ಅವನು ಮನೆಯಲ್ಲಿ ಚರ್ಚಿಸುವವನಲ್ಲ.

ಮಲಪ್ರಭೆಯ ದಂಡೆಯ ಗದ್ದೆಯಲ್ಲಿ ಜನವೋ ಜನ. ಕೊಯ್ದ ಭತ್ತದ ಕೂಳೆಗಳು ಮೊಳೆಗಳಂತೆ ನಿಂತಿದ್ದವು. ಅತ್ತ ಮಹಾವೀರ ಮತ್ತು ಶಹಾಪುರದ ಆರು ಮಂದಿ, ಎಲ್ಲರೂ ಅರವತ್ತು ದಾಟಿದವರು, ಎಲ್ಲರ ಮೊಣಕಾಲಿಗೂ ಬಟ್ಟೆ ಸುತ್ತಿತ್ತು. ಮಹಾವೀರನ ಊಟದ ಡಬ್ಬಿ ಬದುವಿನ ಮೇಲೆ ಕಾಯುತ್ತಿತ್ತು, ಸೂರ್ಯ ಮರದೆತ್ತರದಲ್ಲಿದ್ದ.

“ಲಗೂನ ಮುಗಸ್ರಿ,” ಎಂದರು ತಮ್ಮಣ್ಣ ಮಾಸ್ತರರು. “ಸಾವಕಾರ ಉಪಾಸ ಬಿದ್ರ ನಾಳಿ ಅಕ್ಕಿ ರೇಟ್ ಏರಸ್ತಾರ.”

ಕಲ್ಲಯ್ಯ ಗೆರೆಗೆ ಬಂದ. ಬೆರಳು ಬಾಯಿಗೆ ಹೋಗಲಿಲ್ಲ.

“ಹಲ್ಲ ತಗೀರಿ ಅಯ್ಯಾರ,” ಎಂದು ಜನ ಕೂಗಿದರು. ಜಾಂಬೋಟಿಯಿಂದ ಅದನ್ನೇ ನೋಡಲು ಬಂದವರು ಮೋಸವಾಯಿತೆಂದು ಗೊಣಗಿದರು. ಕಲ್ಲಯ್ಯ ಉತ್ತರ ಕೊಡಲಿಲ್ಲ. ಕೊಡಲು ತುಟಿ ಕೂಡುತ್ತಿರಲಿಲ್ಲ.

ಮೊದಲ ದಮ್ಮು ಸಿಂಹದಂತೆ ಹೊರಟಿತು. ನುಗ್ಗುತ್ತಲೇ ಒಬ್ಬನ ಎದೆಗೆ ಹಿಮ್ಮಡಿ ಕೊಟ್ಟ, ಇನ್ನೊಬ್ಬನ ಕಿವಿ ಹಿಡಿದು ತಿರುಚಿದ. ಆದರೆ ಬಾಯಿ ಬಸ್ಸಿನ ಬಾಗಿಲಿನಂತೆ ತೆರೆದೇ ನಿಂತಿತ್ತು. ಉಗುಳು ತುಂಬಿತು. ನುಂಗಲು ಹೋದರೆ ದವಡೆ ಮುಚ್ಚಲೊಲ್ಲದು. ಮಹಾವೀರನತ್ತ ಕೈ ಚಾಚುವ ಹೊತ್ತಿಗೆ ಉಗುಳು ಹೋಗಬಾರದ ದಾರಿಗೆ ಹೋಯಿತು. ಕಲ್ಲಯ್ಯ ಅಂಗಳದ ನಟ್ಟನಡುವೆ ಕೆಮ್ಮತೊಡಗಿದ. ಕೆಮ್ಮುವವನನ್ನು ಬಿಡಬೇಕೆಂಬ ನಿಯಮ ಹುತುತುವಿನಲ್ಲಿ ಇಲ್ಲ. ಏಳು ಮಂದಿ ಅವನ ಮೇಲೆ ಗೋಡೆ ಕುಸಿದಂತೆ ಬಿದ್ದರು. ಎದ್ದಾಗ ಮೂಗಿನಿಂದ ರಕ್ತ ಗದ್ದದ ತನಕ ಹರಿದಿತ್ತು, ಕಿರುಬೆರಳು ಬೇರೆ ದಿಕ್ಕಿಗೆ ನೋಡುತ್ತಿತ್ತು.

“ಒಂದಾತ್ರಿ ಅಯ್ಯಾರ,” ಎಂದ ಮಹಾವೀರ. “ಕಾಲ ತೊಳಕೊಂಡ ನಿಂದರ್ಲೇನು ನಾನು?”

ಆ ಮಾತಿಗೆ ಕಲ್ಲಯ್ಯನ ಕಣ್ಣು ಕೆಂಪಾಯಿತು. ಬೆರಳು ಬಾಯಿಗೆ ಹೋಯಿತು. ಟಪ್, ಟಪ್. ಸೆಟ್ಟು ಅಕ್ಕವ್ವನ ಉಡಿಗೆ ಬಿತ್ತು. ಜನ ಹುಚ್ಚೆದ್ದರು, ಹಲಗೆ ಬಾರಿಸಿದರು.

ಎರಡನೆಯ ದಮ್ಮಿನ ಮೊದಲರ್ಧವನ್ನು ಖಾನಾಪುರ ಇನ್ನೂ ಬಹುಕಾಲ ನೆನೆಯುತ್ತದೆ. ನೇಕಾರನೊಬ್ಬ ಮಂಡಿಯ ಪೆಟ್ಟಿಗೆ ಮೇಲಕ್ಕೆದ್ದು ಬದುವಿನಾಚೆ ಬಿದ್ದ. ಇನ್ನೊಬ್ಬ ತನ್ನ ಎರಡು ಹಲ್ಲುಗಳನ್ನು ಕೂಳೆಯ ನಡುವೆ ಹುಡುಕುತ್ತ ಕೂತ. ಮಹಾವೀರನ ಕೆನ್ನೆಗೆ ಕಲ್ಲಯ್ಯನ ಅಂಗೈ ಬಿದ್ದ ಸಪ್ಪಳ ನದಿಯಾಚೆಗೂ ಕೇಳಿಸಿತು. ಮುಟ್ಟಿದ್ದಾಯಿತು, ಇನ್ನು ಮರಳಬೇಕು. ಆದರೆ ಹಲ್ಲಿಲ್ಲದ ದವಡೆ ಮೂಗಿಗೆ ತಾಗುವಷ್ಟು ಮೇಲೇರಿತ್ತು, ನಾಲಿಗೆ ಹಿಂದೆ ಸರಿದು ಗಂಟಲಿಗೆ ಬಿರಡೆಯಾಗಿತ್ತು. ಗೆರೆ ಎರಡು ಮಾರು ದೂರವಿದ್ದಾಗ ‘ತುತು’ ನಿಂತಿತು. ಮಹಾವೀರ ಅವನ ಎರಡೂ ಕಾಲು ಹಿಡಿದು, ಕೂಳೆಗಳ ಮೇಲೆ ಅಂಗಳದ ಕೊನೆಯ ತನಕ ದರದರ ಎಳೆದೊಯ್ದ. ಬೆನ್ನಿನ ಚರ್ಮದಲ್ಲಿ ನೇಗಿಲು ಹೊಡೆದಂತೆ ಸಾಲು ಮೂಡಿದವು.

ಉಳಿದದ್ದು ಒಂದು. ಕಲ್ಲಯ್ಯ ತೆವಳುತ್ತ ಗೆರೆಯ ಈಚೆ ಬಂದ. ಅಕ್ಕವ್ವ ಉಡಿಯಿಂದ ಸೆಟ್ಟು ತೆಗೆದು, ನೀರು ಹಾಕಿ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು.

“ಇದೇನ್ರಿ ಕರೇದು?”

“ಪ್ಯಾಕಿಂಗ್.” ಹಲ್ಲಿಲ್ಲದ ಬಾಯಿಂದ ಅದು ಗಾಳಿಯಾಗಿ ಬಂತು.

“ಏನ ಪ್ಯಾಕಿಂಗ್?”

“ಹಳಿ ಎತ್ತಾಕ.”

ಅಕ್ಕವ್ವ ಗಂಡನನ್ನು ನೋಡಿದಳು, ಸೆಟ್ಟನ್ನು ನೋಡಿದಳು, ಅತ್ತ ಇಳಿಯುತ್ತಿದ್ದ ಸೂರ್ಯನನ್ನು ನೋಡಿದಳು. ಆಮೇಲೆ ಗಂಡನ ಹಲ್ಲನ್ನು ತನ್ನ ಬಾಯಿಗೆ ಒಯ್ದು, ಒಂದೂ ಹುಳುಕಿಲ್ಲದ ತನ್ನ ಸ್ವಂತ ಹಲ್ಲಿನಿಂದ ರಬ್ಬರಿನ ಪಟ್ಟಿಗಳನ್ನು ಕಚ್ಚಿ ಸೀಳಿ ಎಳೆದು ಉಗುಳಿದಳು. ನೋಡುತ್ತಿದ್ದ ಶಹಾಪುರದವರು ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ಒಂದು ಹೆಜ್ಜೆ ಹಿಂದೆ ಸರಿದರು.

“ಇದು ಬಾಯಿ ಐತ್ರಿ,” ಎಂದಳು. “ಗುಂಜಿ ಸ್ಟೇಷನ್ ಅಲ್ಲ. ಬಾಯಿ ತಗೀರಿ.” ಸೆಟ್ಟನ್ನು ತಾನೇ ಒಳಗೆ ಒತ್ತಿ ಕೂಡಿಸಿ, ಗದ್ದಕ್ಕೆ ಕೆಳಗಿನಿಂದ ಒಂದು ಗುದ್ದು ಕೊಟ್ಟಳು. ಹಲ್ಲಿಗೆ ಹಲ್ಲು ಕೂತಿತು. ತುಟಿ ಕೂಡಿತು. ಕಲ್ಲಯ್ಯ ಉಗುಳು ನುಂಗಿದ, ರಕ್ತದೊಂದಿಗೆ.

ಮೂರನೆಯ ದಮ್ಮಿಗೆ ಯಾರೂ ಹಲಗೆ ಬಾರಿಸಲಿಲ್ಲ. ಕಲ್ಲಯ್ಯ ಕುಂಟುತ್ತ ಒಳಗೆ ಹೋದ. ‘ಹುತುತುತು’ ಸಣ್ಣಗೆ, ಮಾಲಗಾಡಿಯ ಗಾಲಿಗಳಂತೆ ಒಂದೇ ಸಮನೆ ಹೊರಟಿತು. ಮಹಾವೀರ ತೋಳು ಚಾಚಿ ಕಾಯುತ್ತಿದ್ದ. ಕಲ್ಲಯ್ಯ ತಲೆಯನ್ನೇ ಅವನ ಹೊಟ್ಟೆಗೆ ಹಾಕಿದ. ಮುಟ್ಟಿದ್ದಾಯಿತು. ಇಬ್ಬರೂ ಬಿದ್ದರು, ಮೇಲೆ ಆರು ಮಂದಿ ಬಿದ್ದರು. ಮೊಣಕೈಗಳು ಬೆನ್ನಿಗೆ ಇಳಿದವು. ಒಬ್ಬ ಅವನ ಬಾಯಿ ಮುಚ್ಚಲು ಕೈ ಇಟ್ಟ, ಹೊಸ ಸೆಟ್ಟು ಅವನ ಹೆಬ್ಬೆರಳನ್ನು ಎಲುಬಿನ ತನಕ ಪರೀಕ್ಷಿಸಿತು, ಅವನು ಚೀರುತ್ತ ಉರುಳಿಹೋದ. ರಾಶಿಯ ಅಡಿಯಿಂದ ‘ತುತುತುತು’ ಬರುತ್ತಲೇ ಇತ್ತು. ತಮ್ಮಣ್ಣ ಮಾಸ್ತರರು ಸೀಟಿ ಬಾಯಲ್ಲಿಟ್ಟುಕೊಂಡು ನೆಲಕ್ಕೆ ಕಿವಿ ಹಚ್ಚಿ ಮಲಗಿದರು.

ರಾಶಿ ಸರಿಯತೊಡಗಿತು. ಇಂಚಿಂಚು. ಮುರಿದ ಕಿರುಬೆರಳಿನ ಕೈಯೊಂದು ಕೂಳೆಗಳನ್ನು ಹಿಡಿದು, ಬುಡಸಹಿತ ಕಿತ್ತು, ಮುಂದಿನದನ್ನು ಹಿಡಿಯುತ್ತ ಉಳಿದ ಆರು ಜನರ ಭಾರವನ್ನು ಎಳೆಯುತ್ತಿತ್ತು. ಕೊನೆಗೆ ಅದೇ ವಕ್ರ ಕಿರುಬೆರಳು ಸುಣ್ಣದ ಗೆರೆಗೆ ಬಿತ್ತು.

ಸೀಟಿ ಮೊಳಗಿತು. ಜನರ ಕೂಗಿಗೆ ನದಿಯ ಬೆಳ್ಳಕ್ಕಿಗಳು ಎದ್ದವು. ಮೇಲಿನವರು ಒಬ್ಬೊಬ್ಬರಾಗಿ ಕುಂಟುತ್ತ ಇಳಿದರು. ಕೆಳಗೆ ಕಲ್ಲಯ್ಯ ಬೋರಲು ಬಿದ್ದಿದ್ದ. ಅವನ ಹಿಂದೆ ಮಹಾವೀರ ಬೋರಲು ಬಿದ್ದಿದ್ದ, ಕಣ್ಣೊಂದು ಊದಿ ಮುಚ್ಚಿತ್ತು, ಎರಡೂ ಕೈ ಕಲ್ಲಯ್ಯನ ಕಾಲುಗಳ ಹರಡಿನ ಮೇಲೆ ಬೀಗ ಹಾಕಿದಂತಿದ್ದವು. ಕೂಗು ಅಡಗಿತು. ಇನ್ನು ಪಾದದ ಮಾತು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಬದುವಿನ ಮೇಲೆ ಒಬ್ಬ ಮೊಬೈಲು ಎತ್ತಿ ಹಿಡಿದ, ಮುದುಕಿಯರು ಕೈ ಮುಗಿದರು.

ಮಹಾವೀರ ಮಣ್ಣು ಉಗುಳಿ, ಎಲ್ಲರಿಗೂ ಕೇಳುವಂತೆ ಹೇಳಿದ: “ಮಾತು ಮಾತ ಅಯ್ಯಾರ. ಎದ್ದ ನಿಂದರ್ರಿ. ಊರ ಮುಂದ ನಿಮ್ಮ ಕಾಲ ಮುಟ್ಟತೀನಿ.”

ಕಲ್ಲಯ್ಯ ಕೂಳೆಯ ಮೇಲಿನಿಂದ ಕೆನ್ನೆ ಎತ್ತದೆ ಹೇಳಿದ:

“ನಲವತ್ತ ವರ್ಷದಿಂದ ಹಿಡಕೊಂಡ ಬಂದೀದಿ. ಈಗರ ಬಿಡೋ, ಏಳಾಕ ಬರವಲ್ದು.”